ಲಕೋಟೆಯ ಮಡಿಕೆಗೆ ಹಿಡಿದ ಏಳು ವಾರ

ಆ ಮೂರು ತಿಂಗಳು ನಾನು ಮಾಡಬೇಕಿದ್ದ ಕೆಲಸ ಒಂದೇ: ನಾನು ವಿಶೇಷ ಬುದ್ಧಿಯವನಲ್ಲ ಎಂದು ಪ್ರಮಾಣ ಮಾಡಿ ಹೇಳುವುದು. ಒಮಾನಿನ ರೂವಿ ಪೇಟೆಯ ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕೂತು ನಮ್ಮ ವಕೀಲೆ ಬರೆಸಿಕೊಂಡ ನನ್ನ ಹೇಳಿಕೆಯ ಒಂಬತ್ತನೆಯ ಪರಿಚ್ಛೇದದಲ್ಲಿ ಹೀಗಿತ್ತು: ‘ಈ ಪರಿಹಾರ ನನಗೆ ಒಂದು ಮಧ್ಯಾಹ್ನದ ಕೆಲಸದಲ್ಲಿ ಹೊಳೆಯಿತು. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಹೊಳೆಯುತ್ತಿತ್ತು.’ ಹಾಗೆ ಹೇಳಿದವನು ನಾನೇ. ಹೇಳುವಾಗ ನನಗೆ ಒಂದು ಚೂರೂ ಅನುಮಾನವಿರಲಿಲ್ಲ. ಈಗ ಯೋಚಿಸಿದರೆ ಹೆದರಿಕೆಯಾಗುವುದು ಅದಕ್ಕೇ.

ನಾನು ಕೆಲಸ ಮಾಡುವುದು ರೂವಿಯ ಹಿಂಭಾಗದ ಒಂದು ಶೆಡ್ಡಿನಲ್ಲಿ. ಬ್ಯಾಂಕಿನ ಸ್ಟೇಟ್‌ಮೆಂಟ್, ವಿಮೆಯ ಪತ್ರ, ಶಾಲೆಗಳ ಸುತ್ತೋಲೆ, ಇಂಥವನ್ನು ಅಚ್ಚು ಮಾಡಿ ಲಕೋಟೆಗೆ ಹಾಕಿ ಅಂಚೆಗೆ ಕೊಡುವ ಸಣ್ಣ ಕಂಪನಿ ಅದು. ಎಲ್ಲವೂ ಫೋನಿಗೆ ಬರುವ ಈ ಕಾಲದಲ್ಲೂ ಕಾಗದವೇ ಬೇಕೆನ್ನುವವರು ಇದ್ದಾರೆ. ಅವರಿಂದಲೇ ನಾವು ಹದಿನಾಲ್ಕು ಜನ ಇಲ್ಲಿ ಉಳಿದಿದ್ದೇವೆ. ನಮ್ಮಲ್ಲಿರುವ ಎರಡು ಯಂತ್ರಗಳು ತಯಾರಾದ ಲಕೋಟೆಗೆ ಕಾಗದ ತುರುಕುವ ಜಾತಿಯವಲ್ಲ. ಅವು ಲಕೋಟೆಯನ್ನೇ ತಯಾರಿಸುತ್ತವೆ. ದೊಡ್ಡ ಸುರುಳಿಯಿಂದ ಕಾಗದ ಇಳಿದು ಬರುತ್ತದೆ, ಅದರ ಮೇಲೆ ಪತ್ರಗಳ ಕಂತೆ ಬಂದು ಕೂರುತ್ತದೆ, ಕಾಗದ ಕಂತೆಯ ಸುತ್ತ ಮಡಚಿಕೊಳ್ಳುತ್ತದೆ, ಎರಡು ಪಕ್ಕಕ್ಕೆ ಅಂಟು ಬೀಳುತ್ತದೆ, ಒತ್ತುವ ರೋಲರ್ ದಾಟಿ ಲಕೋಟೆ ಹೊರಗೆ ಬೀಳುತ್ತದೆ.

ಕಂತೆಯಲ್ಲಿ ಎರಡು ಮೂರು ಹಾಳೆಗಳಿದ್ದರೆ ಎಲ್ಲ ಸರಿ. ಎಂಟು ಹತ್ತು ಹಾಳೆಗಳಾದರೆ ಕಂತೆಯ ದಪ್ಪವೇ ಒಂದಿಷ್ಟು ಕಾಗದವನ್ನು ನುಂಗುತ್ತದೆ. ಮಡಿಕೆ ಬೀಳುವ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಮೇಲಿನ ಅಂಚು ಅಂಟಿನ ತನಕ ತಲುಪದೆ ಲಕೋಟೆ ಬಾಯಿ ಬಿಡುತ್ತದೆ. ಒಬ್ಬರ ಖಾತೆಯ ಹಾಳೆ ಇನ್ನೊಬ್ಬರ ಬಾಗಿಲಲ್ಲಿ ಬಿದ್ದಿತೆಂದರೆ ನಮ್ಮ ಕಂಪನಿಯ ಕಥೆ ಮುಗಿದಂತೆ. ಹಾಗಾಗಿ ಕೆಲವು ವರ್ಷಗಳ ಹಿಂದೆ ನಾನು ಒಂದು ಜೋಡಣೆ ಮಾಡಿದೆ. ಒಂದರ ಬದಲು ಎರಡು ಕಂತೆ ಬಂದರೆ ಯಂತ್ರವನ್ನು ನಿಲ್ಲಿಸಲೆಂದು ಕಂತೆಯ ಮೇಲೆ ಒಂದು ಸಣ್ಣ ಗಾಲಿ ಓಡುತ್ತದೆ. ಅದು ಅಳೆಯುವುದು ದಪ್ಪವನ್ನೇ. ಆ ಅಳತೆಯನ್ನು ತೆಗೆದುಕೊಂಡು, ದಪ್ಪ ಎಷ್ಟೋ ಅಷ್ಟು ಮಡಿಕೆಯ ಗೆರೆಯನ್ನು ಒಂದು ತಿರುಪಿನಿಂದ ಸರಿಸುವ ಹಾಗೆ ಮಾಡಿದೆ. ದಪ್ಪ ಕಂತೆ ಬಂದಾಗ ಯಂತ್ರ ಅರೆಗಳಿಗೆ ನಿಂತು, ಗೆರೆ ಸರಿಸಿ, ಮುಂದೆ ಹೋಗುತ್ತದೆ.

ಇದೇ ಉಪಾಯಕ್ಕೆ ಹೊರದೇಶದ ಒಂದು ಕಂಪನಿ ನನಗಿಂತ ಸ್ವಲ್ಪ ಮೊದಲೇ ಪೇಟೆಂಟಿಗೆ ಅರ್ಜಿ ಹಾಕಿತ್ತು. ನಾನು ಜೋಡಣೆ ಮಾಡುವ ಹೊತ್ತಿಗೆ ಅದು ಪ್ರಕಟವಾಗಿರಲಿಲ್ಲ. ಅದು ನನಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ನಕಲು ಮಾಡಿಲ್ಲ ಎಂಬುದು ಪೇಟೆಂಟಿನ ಮುಂದೆ ರಕ್ಷಣೆಯೇ ಅಲ್ಲ. ಮೊದಲು ಅರ್ಜಿ ಹಾಕಿದವರದ್ದೇ ಹಕ್ಕು. ಜೋಡಣೆ ಕಳಚಿ, ಇಲ್ಲವೇ ಯಂತ್ರ ನಿಲ್ಲಿಸಿ ಎಂದು ನೋಟಿಸು ಬಂತು. ಜೋಡಣೆ ಕಳಚಿದರೆ ದಪ್ಪ ಕಂತೆಗಳ ಕೆಲಸ ಹೋಗುತ್ತದೆ. ನಮ್ಮಲ್ಲಿ ಉಳಿದಿರುವುದೇ ದಪ್ಪ ಕಂತೆಗಳ ಕೆಲಸ.

ನಮಗಿದ್ದದ್ದು ಒಂದೇ ದಾರಿ ಎಂದು ವಕೀಲೆ ಹೇಳಿದರು. ಅವರು ಒಮಾನಿ ಹೆಂಗಸು, ಮೂವತ್ತೈದರ ಆಸುಪಾಸು, ಮಾತು ಇಂಗ್ಲಿಷಿನಲ್ಲಿ. ನನ್ನನ್ನು ಕರೆಯುವುದು ಮಾತ್ರ ಅರಬಿಯಲ್ಲಿ, ಮುಹಂದಿಸ್ ಎಂದು. ಇಂಜಿನಿಯರ್ ಎಂದು ಅರ್ಥ.

“ಈ ಉಪಾಯ ಪೇಟೆಂಟಿಗೆ ಯೋಗ್ಯವೇ ಅಲ್ಲ ಅಂತ ತೋರಿಸಬೇಕು, ಮುಹಂದಿಸ್. ಆ ಕಾಲಕ್ಕೆ ಈ ಕಸುಬಿನಲ್ಲಿದ್ದ ಸಾಮಾನ್ಯ ಮನುಷ್ಯನಿಗೆ ಅದು ತಾನಾಗಿಯೇ ಹೊಳೆಯುವಂಥದ್ದು ಅಂತ.”

“ಆ ಸಾಮಾನ್ಯ ಮನುಷ್ಯ ಯಾರು?”

“ನೀವು.”

ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರ್ ನಕ್ಕರು. ಅವರು ಉಡುಪಿಯ ಕಡೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ನಮ್ಮ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಎಂ.ಟೆಕ್ ಮಾಡಿಸಿದ ನಿನ್ನ ಅಮ್ಮನಿಗೆ ಇದನ್ನು ಹೇಳ್ಬೇಡ ಮಾರಾಯ,” ಎಂದರು.

ನಾನೂ ನಕ್ಕೆ. ಆ ಹೊತ್ತಿಗೆ ಅದು ಸುಲಭದ ಕೆಲಸವೆನಿಸಿತ್ತು. ಗಾಲಿ ಅಲ್ಲೇ ಇತ್ತು, ತಿರುಪು ಅಲ್ಲೇ ಇತ್ತು. ಎರಡನ್ನೂ ಜೋಡಿಸಲು ಯಾವ ಮಹಾಬುದ್ಧಿ ಬೇಕು? ಆ ಮಧ್ಯಾಹ್ನ ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಏಸಿ ಕೆಟ್ಟಿತ್ತು, ಶೆಡ್ಡಿನ ಬಾಗಿಲು ತೆರೆದಿತ್ತು, ನಾನು ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ, ಗಾಲಿ ಮೇಲೆ ಕೆಳಗೆ ಆಡುವುದನ್ನು ನೋಡಿದೆ, ಹೊಳೆಯಿತು.

ನ್ಯಾಯಾಲಯ ಒಬ್ಬ ಪರಿಣತರನ್ನು ನೇಮಿಸಿತು. ಇಲ್ಲಿ ಅವರಿಗೆ ಖಬೀರ್ ಎನ್ನುತ್ತಾರೆ. ನಿವೃತ್ತ ಮೆಕ್ಯಾನಿಕಲ್ ಇಂಜಿನಿಯರ್, ಬಿಳಿ ಗಡ್ಡ, ಮೆಲ್ಲನೆಯ ದನಿ. ಎರಡೂ ಪಕ್ಷಗಳನ್ನು ಕೂರಿಸಿ ಕೇಳಿ, ಯಂತ್ರ ನೋಡಿ, ವರದಿ ಕೊಡುವುದು ಅವರ ಕೆಲಸ. ಮೊದಲ ಸಭೆಯಲ್ಲಿ ಎದುರು ಪಕ್ಷದಿಂದ ಒಬ್ಬ ಇಂಜಿನಿಯರ್ ಬಂದಿದ್ದರು. ಐವತ್ತು ದಾಟಿದ, ತುಂಬ ಸಭ್ಯ ಮನುಷ್ಯ. ನನ್ನ ಹೇಳಿಕೆಯನ್ನು ಓದಿಕೊಂಡು ಬಂದಿದ್ದರು.

“ಒಂದು ಮಧ್ಯಾಹ್ನ ಅಂತ ಬರೆದಿದ್ದೀರಿ. ಅದಕ್ಕೆ ಮೊದಲು ಬೇರೆ ಏನಾದರೂ ಪ್ರಯತ್ನ ಮಾಡಿದ್ದಿರಾ?”

“ಇಲ್ಲ.”

“ಆಗ ಯಾವ ತೂಕದ ಕಾಗದ ಓಡಿಸುತ್ತಿದ್ದಿರಿ?”

ನೆನಪಾಗಲಿಲ್ಲ.

“ಅಂಟು ಯಾವುದು? ನೀರಿನದ್ದಾ, ಬಿಸಿ ಮಾಡುವಂಥದ್ದಾ?”

ಅದೂ ನೆನಪಾಗಲಿಲ್ಲ. ನಾವು ನಡುವೆ ಒಮ್ಮೆ ಅಂಟು ಬದಲಿಸಿದ್ದೆವು. ಅದಕ್ಕೆ ಮೊದಲೋ ಆಮೇಲೋ ಎಂಬುದೇ ಗೊತ್ತಾಗಲಿಲ್ಲ.

“ಏಸಿ ಕೆಟ್ಟಿತ್ತು ಅನ್ನುವುದು ನೆನಪಿದೆ, ಅಂಟು ಯಾವುದೆಂದು ನೆನಪಿಲ್ಲ,” ಎಂದರು ಅವರು, ಮೊನಚಿಲ್ಲದ ದನಿಯಲ್ಲಿ. ಖಬೀರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಆ ಕಾಲದ ದಾಖಲೆ ಏನಿದ್ದರೂ ಹದಿನೈದು ದಿನದಲ್ಲಿ ತನ್ನಿ ಎಂದು ಹೇಳಿ ಸಭೆ ಮುಗಿಸಿದರು.

ಅಂದಿನಿಂದ ನನಗೆ ಶುರುವಾಯಿತು. ಮನೆಯ ಗ್ಯಾಸ್ ಆರಿಸಿದ್ದೇನೆಯೇ ಎಂದು ಕಾರು ನಿಲ್ಲಿಸಿದ ಜಾಗದಿಂದ ವಾಪಸು ಬಂದು ನೋಡುವುದು. ಯಂತ್ರದ ಕಾವಲು ಬಾಗಿಲು ಹಾಕಿದೆನೇ ಎಂದು ಆಪರೇಟರನ್ನು ಎರಡೆರಡು ಸಲ ಕೇಳುವುದು. ಅವನು, “ಸಾಬ್, ಆಪ್ನೇ ಹೀ ತೋ ಬಂದ್ ಕಿಯಾ,” ಎನ್ನುತ್ತಿದ್ದ. ನಾನೇ ಹಾಕಿದ್ದೆ. ಕಾಲೇಜಿನಲ್ಲಿ ಎಲ್ಲವನ್ನೂ ಅನುಮಾನಿಸುವುದು ನನಗೊಂದು ಹೆಮ್ಮೆಯ ವಿಷಯವಾಗಿತ್ತು. ದೇವರನ್ನು, ಜಾತಕವನ್ನು, ಪಠ್ಯಪುಸ್ತಕದ ಸೂತ್ರವನ್ನು ಬಿಟ್ಟಿರಲಿಲ್ಲ. ನನ್ನ ತಲೆಯೊಳಗಿನ ಚಿತ್ರಗಳನ್ನು ಮಾತ್ರ ಅನುಮಾನಿಸಿರಲಿಲ್ಲ.

ಇನ್ನೊಂದು ಕೆಟ್ಟ ಯೋಚನೆಯೂ ಬಂತು. ದುಬೈಯ ಒಂದು ಪ್ರದರ್ಶನದಲ್ಲಿ ನಾನು ಇಂಥದ್ದೇ ಯಂತ್ರವನ್ನು ನೋಡಿದ್ದೆ. ಗಾಜಿನ ಹಿಂದೆ ಮಡಿಕೆಯ ಗೆರೆ ಹಿಂದೆ ಮುಂದೆ ಸರಿಯುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ನೋಡಿಬಂದು ನಾನೇ ಯೋಚಿಸಿದ್ದು ಎಂದುಕೊಂಡೆನೇ? ಎರಡು ದಿನ ಈ ಯೋಚನೆ ಹೊತ್ತುಕೊಂಡು ಓಡಾಡಿದೆ. ನೆನಪಿನಲ್ಲಿ ದುಬೈ ಮೊದಲು, ಜೋಡಣೆ ಆಮೇಲೆ. ಹಳೆಯ ಪಾಸ್‌ಪೋರ್ಟ್ ಹುಡುಕಿ ಗಡಿಯ ಮುದ್ರೆ ನೋಡಿದೆ. ಆದರೆ ಜೋಡಣೆಯ ದಿನ ಯಾವುದೆಂದೇ ಗೊತ್ತಿಲ್ಲದೆ ಮುದ್ರೆಯಿಂದ ಏನೂ ತಿಳಿಯುವಂತಿರಲಿಲ್ಲ.

ಹಾಗಾಗಿ ದುರಸ್ತಿಯ ರಿಜಿಸ್ಟರ್ ಹುಡುಕಲು ಹೊರಟೆ. ಕಂಪ್ಯೂಟರ್ ಬರುವ ಮೊದಲು ಯಂತ್ರಕ್ಕೆ ಏನು ಮಾಡಿದರೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿತ್ತು. ಪುಸ್ತಕ ಗೋದಾಮಿನಲ್ಲಿ ಹಳೆಯ ಸುರುಳಿಗಳ ಹಿಂದೆ ಸಿಕ್ಕಿತು. ಅಲ್ಲೇ ನೆಲದ ಮೇಲೆ ಕೂತು ಪುಟ ತಿರುವಿದೆ.

ಎಲ್ಲವೂ ನನ್ನದೇ ಅಕ್ಷರ. ‘ದಪ್ಪ ಕಂತೆ, ಬಾಯಿ ಬಿಡುತ್ತಿದೆ. ಅಂಟು ಹೆಚ್ಚು ಮಾಡಿದೆ.’ ಮೂರು ದಿನದ ಮೇಲೆ, ‘ಅಂಟು ಹೆಚ್ಚಾಗಿ ಒಳಗಿನ ಹಾಳೆಗೆ ಅಂಟುತ್ತಿದೆ. ಮೊದಲಿನಂತೆ ಮಾಡಿದೆ.’ ಆಮೇಲೆ, ‘ಒತ್ತುವ ರೋಲರ್ ಬದಲು.’ ‘ತೇವ ಹೆಚ್ಚೆಂದು ಅನುಮಾನ, ಕಾಗದವನ್ನು ಎರಡು ದಿನ ಏಸಿಯಲ್ಲಿಟ್ಟು ಓಡಿಸಿದೆ. ಪ್ರಯೋಜನವಿಲ್ಲ.’ ‘ತೆಳು ಕಾಗದ ತರಿಸಿದೆ. ಲಕೋಟೆಯ ವಿಳಾಸದ ಕಿಟಕಿಯ ಹತ್ತಿರ ಹರಿಯುತ್ತಿದೆ.’ ಹೀಗೆ ಪುಟದ ಮೇಲೆ ಪುಟ. ಕೊನೆಗೆ, ‘ದಪ್ಪ ಕಂತೆ ಎಲ್ಲವನ್ನೂ ಕೈಮೇಜಿಗೆ ಕಳಿಸಿದೆ.’ ಅದಾಗಿ ಮೂರು ದಿನಕ್ಕೆ, ಯಾವ ವಿವರಣೆಯೂ ಇಲ್ಲದೆ, ‘ಮಡಿಕೆಯ ಗೆರೆಯನ್ನು ದಪ್ಪಕ್ಕೆ ಸರಿಯಾಗಿ ಸರಿಸಲಾಯಿತು. ಸರಿ ಓಡುತ್ತಿದೆ.’

ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಏಳು ವಾರ.

ಈ ಏಳು ವಾರಗಳಲ್ಲಿ ಒಂದು ದಿನವೂ ನನಗೆ ನೆನಪಿರಲಿಲ್ಲ. ರೋಲರ್ ಬದಲಿಸಿದ್ದು, ಕಾಗದವನ್ನು ಏಸಿಯಲ್ಲಿಟ್ಟದ್ದು, ಓದಿದ ಮೇಲೂ ನೆನಪಿಗೆ ಬರಲಿಲ್ಲ. ಉತ್ತರ ಸಿಕ್ಕಿದ ಮಧ್ಯಾಹ್ನವೊಂದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ತಲೆ ಎಸೆದುಬಿಟ್ಟಿತ್ತು. ದುಬೈಯ ಮುದ್ರೆ ಈ ಕೊನೆಯ ಸಾಲಿಗಿಂತ ಏಳು ತಿಂಗಳು ಈಚಿನದು. ನಾನು ಕದ್ದಿರಲಿಲ್ಲ. ಸಮಾಧಾನವಾಗಬೇಕಿತ್ತು. ನೆನಪು ನನ್ನ ಪರವಾಗಿಯೂ ಸುಳ್ಳು ಹೇಳಿದೆ, ವಿರುದ್ಧವಾಗಿಯೂ ಹೇಳಿದೆ ಎಂದು ತಿಳಿದದ್ದರಿಂದ ಸಮಾಧಾನವಾಗಲಿಲ್ಲ.

ರಿಜಿಸ್ಟರನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಓದಿ, ಮುಚ್ಚಿ, ಮೇಲೆ ಕೈ ಇಟ್ಟು ಕೂತರು.

“ಇದು ಎಲ್ಲಿತ್ತು?”

“ಗೋದಾಮಿನಲ್ಲಿ.”

“ಅಲ್ಲೇ ಇರ್ಲಿ.”

“ಅಣ್ಣ, ಖಬೀರ್ ದಾಖಲೆ ಕೇಳಿದ್ದಾರೆ.”

“ದಾಖಲೆ ಕೇಳಿದ್ದು ಹೌದು. ಗೋದಾಮು ಗುಡಿಸಿ ತನ್ನಿ ಅಂತ ಹೇಳಿದ್ದಲ್ಲ. ಎಂ.ಟೆಕ್ ಆದವ ಏಳು ವಾರ ಒದ್ದಾಡಿದ ಅಂತ ಆದ್ರೆ ಸಾಮಾನ್ಯ ಮನುಷ್ಯನಿಗೆ ಹೊಳೆಯುವಂಥದ್ದು ಅಂತ ಯಾರು ನಂಬ್ತಾರೆ? ನಿನ್ನ ಕೈಯಾರೆ ನಮ್ಮ ಕೇಸು ಮುಗಿಸ್ತಾ ಇದ್ದೀಯ. ಹದಿನಾಲ್ಕು ಜನರ ವೀಸಾ ಉಂಟು ಇದರಲ್ಲಿ. ನಿಂದೂ ಉಂಟು.”

“ಒಂದು ಮಧ್ಯಾಹ್ನ ಅಂತ ನಾನು ಪ್ರಮಾಣ ಮಾಡ್ಬೇಕಲ್ಲ.”

“ನೀನು ಸುಳ್ಳು ಹೇಳಿದ್ದಾ? ನಿನಗೆ ನೆನಪಿದ್ದದ್ದು ಹೇಳಿದ್ದು. ನೆನಪೇ ಹಾಗೆ ಇದ್ರೆ ನೀನೆಂತ ಮಾಡ್ಲಿಕ್ಕಾಗ್ತದೆ?”

ಅವರ ಮಾತಿನಲ್ಲಿ ಹುರುಳಿತ್ತು. ರಿಜಿಸ್ಟರ್ ಸಿಗುವ ಮೊದಲು ಅದು ಸುಳ್ಳಾಗಿರಲಿಲ್ಲ. ಸಿಕ್ಕಿದ ಮೇಲೆ ಸುಳ್ಳು. ನಡುವೆ ಇದ್ದದ್ದು ಒಂದು ಹಳೆಯ ಪುಸ್ತಕ, ಅದನ್ನು ಸುರುಳಿಗಳ ಹಿಂದೆ ಮತ್ತೆ ತಳ್ಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ದಿನ ಅದು ನನ್ನ ಕಾರಿನ ಹಿಂದಿನ ಸೀಟಿನಲ್ಲಿತ್ತು. ಮಗಳನ್ನು ಶಾಲೆಗೆ ಬಿಡುವಾಗ ಅವಳು ಅದರ ಮೇಲೆ ಬ್ಯಾಗ್ ಇಟ್ಟುಕೊಂಡು ಕೂರುತ್ತಿದ್ದಳು. ಶೆಡ್ಡಿನಲ್ಲಿ ಆಪರೇಟರ್, ಅಚ್ಚಿನವರು, ಚಾಲಕ, ಯಾರ ಮುಖ ನೋಡಿದರೂ ವೀಸಾ ನೆನಪಾಗುತ್ತಿತ್ತು.

ನಾನು ಕೊನೆಗೆ ತೀರ್ಮಾನ ಮಾಡಿದ್ದು ಸತ್ಯದ ಮೇಲಿನ ಪ್ರೀತಿಯಿಂದ ಎಂದು ಬರೆಯಲಾರೆ. ಎದುರು ಪಕ್ಷದ ಆ ಇಂಜಿನಿಯರ್ ಇನ್ನೊಮ್ಮೆ, “ಅದಕ್ಕೆ ಮೊದಲು ಏನಾದರೂ ಪ್ರಯತ್ನ ಮಾಡಿದ್ದಿರಾ?” ಎಂದು ಕೇಳುತ್ತಾರೆ. ಆಗ ನನ್ನ ಮುಖ ಏನು ಹೇಳುತ್ತದೋ ನನಗೇ ಗೊತ್ತಿರಲಿಲ್ಲ. ಮುಖದ ಮೇಲೆ ನಂಬಿಕೆಯಿಲ್ಲದ್ದರಿಂದ ಪುಸ್ತಕವನ್ನು ಒಯ್ದೆ. ಮ್ಯಾನೇಜರಿಗೆ ಹೇಳಿಯೇ ಒಯ್ದೆ. “ನಿನ್ನ ಇಷ್ಟ,” ಎಂದು ಅವರು ಕಂಪ್ಯೂಟರಿನ ಕಡೆ ತಿರುಗಿದರು. ಆಮೇಲೆ ಹತ್ತು ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಆಡಲಿಲ್ಲ.

ವಕೀಲೆ ನಾನು ಅರ್ಥ ಹೇಳುತ್ತಾ ಹೋದಂತೆ ಒಂದೊಂದೇ ಸಾಲನ್ನು ಗುರುತು ಹಾಕಿಕೊಂಡರು. ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕಿದರು.

“ಒಂಬತ್ತನೆಯ ಪರಿಚ್ಛೇದ ಖಲಾಸ್.”

“ಕೇಸು?”

“ಗೊತ್ತಿಲ್ಲ.” ಮತ್ತೆ ಪುಸ್ತಕ ತೆರೆದು ಕೊನೆಯ ಪುಟಕ್ಕೆ ಬಂದರು. “ಏಳು ವಾರ ನೀವು ಅಂಟು, ರೋಲರ್, ಕಾಗದ ಅಂತ ತಿರುಗಿದ್ದೀರಿ. ಮಡಿಕೆಯ ಮಾತೇ ಎಲ್ಲೂ ಇಲ್ಲ. ಆಮೇಲೆ ಎರಡು ದಿನ ಏನೂ ಬರೆದಿಲ್ಲ. ಮೂರನೆಯ ದಿನ ಉತ್ತರ ಬಂತು. ಈ ಎರಡು ದಿನ ಕಂತೆಗಳು ಎಲ್ಲಿದ್ದವು?”

“ಕೈಮೇಜಿನಲ್ಲಿ.”

“ಕೈಮೇಜು ಅಂದರೆ?”

ಯಂತ್ರ ಬೇಡವೆಂದದ್ದನ್ನು ಕೈಯಲ್ಲಿ ಮಾಡುವ ಮೇಜು ಅದು ಎಂದೆ. ಹರಿದದ್ದು, ಓರೆಯಾದದ್ದು, ದಪ್ಪಗಿನದು. ಶೆಡ್ಡಿನ ಆ ತುದಿಯಲ್ಲಿತ್ತು. ಮಂಗಳೂರಿನ ಒಬ್ಬ ಬಾಯಿ ವರ್ಷಾನುಗಟ್ಟಲೆ ಅಲ್ಲಿ ಕೂರುತ್ತಿದ್ದರು. ನಮ್ಮ ಕಡೆ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಎಂದೇ ಕರೆಯುವುದು. ಮೊಣಕಾಲು ನೋವೆಂದು ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.

“ಹೋಗಿ ಕೇಳಿ,” ಎಂದರು ವಕೀಲೆ. “ಏನನ್ನೂ ಹೇಳಿಕೊಡಬೇಡಿ. ಕೇಳಿ ಮಾತ್ರ.”

ಬಾಯಿಯ ಮನೆ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಯಿಂದ ಸ್ವಲ್ಪ ಒಳಗೆ. ಗಂಡ ಒಂದು ಹೋಟೆಲಿನ ಉಗ್ರಾಣದಲ್ಲಿ ಕೆಲಸಕ್ಕಿದ್ದಾರೆ. ಶುಕ್ರವಾರ ಇಲ್ಲಿ ರಜೆ, ಬಾಯಿ ಚರ್ಚಿನ ಪೂಜೆ ಮುಗಿಸಿ ಬಂದಿದ್ದರು. ನನ್ನನ್ನು ನೋಡಿ, “ಓ ಇಂಜಿನಿಯರ್ರು. ಯಂತ್ರ ಹಾಳಾಯ್ತಾ ಮಾರಾಯ್ರೆ?” ಎಂದರು. ಅವರಿಗೆ ನಾನು ಮೊದಲಿಂದಲೂ ತಮಾಷೆಯ ವಸ್ತು.

ದಪ್ಪ ಕಂತೆಯನ್ನು ಹೇಗೆ ಮಡಚುತ್ತಿದ್ದಿರಿ ಎಂದು ಕೇಳಿದೆ.

“ಹೇಗೆ ಅಂದ್ರೆ ಎಂತ? ಕೈಯಲ್ಲಿ.”

“ತೆಳು ಕಂತೆಗೂ ದಪ್ಪ ಕಂತೆಗೂ ಒಂದೇ ಥರವಾ?”

ಅವರು ನನ್ನ ಮುಖವನ್ನೇ ನೋಡಿದರು. “ಒಂದೇ ಥರ ಮಡಚಿದ್ರೆ ಮುಚ್ಲಿಕ್ಕುಂಟಾ? ಮೊದ್ಲು ಹೆಬ್ಬೆರಳಲ್ಲಿ ದಪ್ಪ ನೋಡುದು. ಅಷ್ಟು ಜಾಗ ಬಿಟ್ಟು ಉಗುರಲ್ಲಿ ಗೆರೆ ಎಳೆಯುದು. ಆಮೇಲೆ ಮಡಚುದು.” ಕೈ ಗಾಳಿಯಲ್ಲಿ ಅದನ್ನೇ ಮಾಡಿತು. “ಪತೋಳಿ ಮಾಡುದು ನೋಡಿಲ್ವಾ ನೀವು? ಅರಿಶಿನ ಎಲೆಯಲ್ಲಿ ಕಾಯಿಬೆಲ್ಲ ಜಾಸ್ತಿ ಇಟ್ರೆ ಮಡಿಕೆ ಈಚೆ ತರ್ಬೇಕು. ಇಲ್ಲದಿದ್ರೆ ಬೇಯುವಾಗ ಬಾಯಿ ಬಿಡ್ತದೆ. ಇದಕ್ಕೆಲ್ಲ ಕಾಲೇಜಿಗೆ ಹೋಗ್ಬೇಕಾ?”

ಪೇಟೆಂಟಿನಲ್ಲಿ ಅವರು ತಮ್ಮದೆಂದು ಬರೆದುಕೊಂಡ ಮೊದಲ ಹಕ್ಕನ್ನು ನಾನು ಇಪ್ಪತ್ತು ಸಲವಾದರೂ ಓದಿದ್ದೆ: ಕಂತೆಯ ದಪ್ಪವನ್ನು ಮೊದಲು ಅಳೆಯುವುದು, ಆ ಅಳತೆಗೆ ತಕ್ಕಂತೆ ಮಡಿಕೆಯ ಗೆರೆಯನ್ನು ಸರಿಸುವುದು, ಆಮೇಲೆ ಮಡಚುವುದು. ಹೆಬ್ಬೆರಳು, ಉಗುರು, ಮಡಿಕೆ. ಕೂಡಲೇ ಅನುಮಾನವೂ ಬಂತು. ಇವರ ನೆನಪೂ ನನ್ನದರ ಹಾಗೆಯೇ ಆಗಿದ್ದರೆ?

“ಆಗ ಮಡಚಿದ್ದು ಯಾವುದಾದ್ರೂ ಉಂಟಾ ಬಾಯಿ, ನಿಮ್ಮ ಹತ್ರ?”

ಅವರು ಕಪಾಟಿನಿಂದ ಒಂದು ಕಟ್ಟು ತೆಗೆದರು. ದಪ್ಪ ಕಂತೆಗೆ ಮಡಚಿದ ಮೇಲೆ ಅಚ್ಚು ಓರೆಯೆಂದು ತಿರಸ್ಕಾರವಾಗಿ ಖಾಲಿಯಾದ ಲಕೋಟೆಗಳನ್ನು ಮನೆಗೆ ತಂದು, ಮಗಳ ಅಂಕಪಟ್ಟಿಗಳನ್ನು ವರ್ಷಕ್ಕೊಂದರಂತೆ ಅದರಲ್ಲಿ ಇಟ್ಟಿದ್ದರು. ಈಗ ಕಾಲೇಜಿನಲ್ಲಿರುವ ಮಗಳು ಒಳಗಿನಿಂದ ಬಂದವಳು, “ಮಮ್ಮಾ, ದಟ್ಸ್ ಮೈ ಫಿಫ್ತ್ ಸ್ಟ್ಯಾಂಡರ್ಡ್. ಡೋಂಟ್ ಶೋ ಹಿಮ್ ದ ಮ್ಯಾಥ್ಸ್,” ಎಂದಳು. ನಾನು ಅಂಕ ನೋಡಲಿಲ್ಲ, ಮಡಿಕೆ ನೋಡಿದೆ. ಕಾಗದದ ಮೇಲೆ ಅಚ್ಚಾದ ಮಡಿಕೆಯ ಗುರುತಿಗಿಂತ ನಿಜವಾದ ಮಡಿಕೆ ಈಚೆಗಿತ್ತು. ಉಗುರಿನ ಹೊಳಪು ಗೆರೆಯುದ್ದಕ್ಕೂ ಕಾಣುತ್ತಿತ್ತು.

ಒಳಗಿನ ಅಂಕಪಟ್ಟಿಯ ದಿನಾಂಕ ಲಕೋಟೆಯ ದಿನಾಂಕವಲ್ಲ. ಹಳೆಯ ಅಂಕಪಟ್ಟಿಯನ್ನು ಹೊಸ ಲಕೋಟೆಯಲ್ಲೂ ಇಡಬಹುದು. ಆದರೆ ನಾವು ಅಚ್ಚು ಮಾಡುವ ಪ್ರತಿ ಲಕೋಟೆಯ ಮುಚ್ಚಳದ ಒಳಗೆ ಇರುವೆಯಂಥ ಅಕ್ಷರದಲ್ಲಿ ಅಚ್ಚಿನ ತಿಂಗಳು, ವರ್ಷ ಇರುತ್ತದೆ. ಅಚ್ಚಾದ ಕಾಗದ ಆ ತಿಂಗಳೇ ಖರ್ಚಾಗುತ್ತದೆ. ಮೊದಲನೆಯದನ್ನು ತಿರುಗಿಸಿದೆ. ಮುಚ್ಚಳವೇ ಇರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ.

“ಅದನ್ನು ಕತ್ತರಿಸಿ ಡಬ್ಬಿಗೆ ಹೆಸರು ಅಂಟಿಸ್ಲಿಕ್ಕೆ ತೆಗೆದೆ,” ಎಂದರು ಬಾಯಿ. “ಒಳ್ಳೆ ಕಾಗದ ಅಲ್ವಾ ಅದು.”

ಒಟ್ಟು ಆರು ಲಕೋಟೆ. ಐದಕ್ಕೆ ಮುಚ್ಚಳವಿರಲಿಲ್ಲ. ಅಡುಗೆಮನೆಯಲ್ಲಿ ಜೀರಿಗೆ, ಕೊತ್ತಂಬರಿ, ಮೆಂತೆಯ ಡಬ್ಬಿಗಳ ಮೇಲೆ ನನ್ನ ಸಾಕ್ಷ್ಯ ಅಂಟಿಕೊಂಡಿತ್ತು. ಆರನೆಯದು ಮಗಳ ನಾಲ್ಕನೆಯ ತರಗತಿಯದ್ದು. ಅದಕ್ಕೆ ಮುಚ್ಚಳವಿತ್ತು. ಫೋನಿನ ಬೆಳಕು ಹಿಡಿದು ಓದಿದೆ. ಪೇಟೆಂಟಿನ ಅರ್ಜಿಗಿಂತ ಹದಿನಾಲ್ಕು ತಿಂಗಳು ಹಿಂದಿನದು. ಮತ್ತೊಮ್ಮೆ ಓದಿದೆ. ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ನನ್ನ ಕಣ್ಣನ್ನೂ ನಂಬದ ಸ್ಥಿತಿ ಬಂದಿತ್ತು. ಇದೇ ಬಗೆಯಲ್ಲಿ ಮಡಚಿದ ಸಾವಿರಾರು ಲಕೋಟೆಗಳು ಆ ಕಾಲದಲ್ಲಿ ಊರ ತುಂಬ ಮನೆಮನೆಗೆ ಹೋಗಿದ್ದವು.

ಹೊರಡುವ ಮೊದಲು ನನಗೆ ನಿಜವಾಗಿ ಬೇಕಾಗಿದ್ದ ಪ್ರಶ್ನೆ ಕೇಳಿದೆ. “ಬಾಯಿ, ನೀವು ನನಗೆ ಇದನ್ನು ತೋರಿಸಿಕೊಟ್ಟಿದ್ರಾ?”

“ನಾನಾ? ನಿಮಗಾ?” ಅವರು ನಕ್ಕರು. “ನೀವು ಒಂದು ದಿವಸ ಬಂದು ನನ್ನ ಹಿಂದೆ ಕೈ ಕಟ್ಟಿ ನಿಂತ್ರಿ. ದೀಪಕ್ಕೆ ಅಡ್ಡ. ಬೆಳಕು ಬಿಡಿ ಮಾರಾಯ್ರೆ ಅಂತ ಹೇಳಿದೆ. ಮಾತಾಡದೆ ಹೋದ್ರಿ. ಅಷ್ಟೇ.”

ನನಗೆ ಅದು ನೆನಪಿಲ್ಲ. ಎಷ್ಟು ಪ್ರಯತ್ನಿಸಿದರೂ ಕಾಣುವುದು ಅದೇ ಏಸಿ ಕೆಟ್ಟ ಮಧ್ಯಾಹ್ನ, ಅದೇ ಗಾಲಿ. ಹೊಸ ಹೇಳಿಕೆಯ ಒಂಬತ್ತನೆಯ ಪರಿಚ್ಛೇದವನ್ನು ಹೀಗೆ ಬರೆಸಿದೆ: ‘ಪರಿಹಾರಕ್ಕೆ ಏಳು ವಾರ ಹಿಡಿಯಿತೆಂದು ರಿಜಿಸ್ಟರ್ ಹೇಳುತ್ತದೆ. ಪರಿಹಾರ ಸಿಗುವ ಮೂರು ದಿನ ಮೊದಲು ಕಂತೆಗಳನ್ನು ಕೈಮೇಜಿಗೆ ಕಳಿಸಿದ್ದೆನೆಂದೂ ಹೇಳುತ್ತದೆ. ಒಂದು ದಿನ ನಾನು ಅಲ್ಲಿ ನಿಂತಿದ್ದೆನೆಂದು ಆ ಮೇಜಿನ ಕೆಲಸಗಾರ್ತಿ ಹೇಳುತ್ತಾರೆ. ನನಗೆ ಯಾವುದೂ ನೆನಪಿಲ್ಲ.’ ಇಷ್ಟು ಬಡವಾದ ಪರಿಚ್ಛೇದವನ್ನು ತಾನು ಯಾವ ಸಾಕ್ಷಿಯ ಬಾಯಲ್ಲೂ ಹಾಕಿಲ್ಲ ಎಂದರು ವಕೀಲೆ. ಆದರೂ ಹಾಕಿದರು.

ಖಬೀರ್ ಎರಡನೆಯ ಸಭೆಯನ್ನು ಶೆಡ್ಡಿನಲ್ಲೇ ಕರೆದರು. ಬಾಯಿ ಗಂಡನ ಕೈ ಹಿಡಿದು ಕುಂಟುತ್ತಾ ಬಂದು ಹಳೆಯ ಮೇಜಿನ ಮುಂದೆ ಕೂತರು, ಕುರ್ಚಿ ತಗ್ಗಾಯಿತೆಂದು ಎರಡು ಕಟ್ಟು ಕಾಗದ ಹಾಕಿಸಿಕೊಂಡರು. ಖಬೀರ್ ತಮ್ಮ ಕೈಯಿಂದಲೇ ಮೂರು, ಏಳು, ಹನ್ನೊಂದು ಹಾಳೆಗಳ ಕಂತೆ ಮಾಡಿ ಬೆರೆಸಿ ಕೊಟ್ಟರು. ಹೆಬ್ಬೆರಳು, ಉಗುರು, ಮಡಿಕೆ. ಒಂದೂ ಬಾಯಿ ಬಿಡಲಿಲ್ಲ. ಖಬೀರ್ ಅಳತೆಪಟ್ಟಿಯಿಂದ ಪ್ರತಿ ಮಡಿಕೆಯನ್ನು ಅಳೆದು ಬರೆದುಕೊಂಡರು. ಆರನೆಯ ಲಕೋಟೆಯನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರು.

ಎದುರು ಪಕ್ಷದ ಇಂಜಿನಿಯರ್ ಬಹಳ ಹೊತ್ತು ಬಾಯಿಯ ಕೈಯನ್ನೇ ನೋಡುತ್ತಿದ್ದು ನನ್ನ ಕಡೆ ತಿರುಗಿದರು.

“ಒಂದು ಪ್ರಶ್ನೆ. ಈ ಮೇಜು ನಿಮ್ಮ ಯಂತ್ರದಿಂದ ಹತ್ತು ಮೀಟರ್ ದೂರದಲ್ಲಿದೆ. ಇವರು ಆಗಲೂ ಇಲ್ಲೇ ಇದ್ದರು. ಇದು ಅಷ್ಟು ಸ್ಪಷ್ಟವಾಗಿದ್ದರೆ ನಿಮಗೆ ಏಳು ವಾರ ಯಾಕೆ ಬೇಕಾಯಿತು?”

ನ್ಯಾಯವಾದ ಪ್ರಶ್ನೆ. ವಕೀಲೆ ನನ್ನನ್ನು ನೋಡಿದರು. ಬಾಗಿಲ ಹತ್ತಿರ ನಿಂತ ಮ್ಯಾನೇಜರ್ ನೆಲ ನೋಡಿದರು.

“ನಾನು ಈ ಕಡೆ ನೋಡಿರಲಿಲ್ಲ,” ಎಂದೆ. “ಯಂತ್ರದಲ್ಲಿ ಸೋತದ್ದನ್ನು ಇಲ್ಲಿಗೆ ಕಳಿಸುತ್ತಿದ್ದೆ. ಇಲ್ಲಿ ಅದು ಹೇಗೆ ಸರಿಯಾಗುತ್ತದೆ ಎಂದು ಕೇಳಬೇಕೆಂದು ನನಗೆ ಅನಿಸಲೇ ಇಲ್ಲ. ಓದಿದವನ ತಪ್ಪು ಅದು. ಈ ಕಸುಬಿನಲ್ಲಿದ್ದ ಬೇರೆ ಯಾರಾದರೂ ಮೊದಲ ದಿನವೇ ಬಂದು ನೋಡುತ್ತಿದ್ದರು.”

ಅವರು ತಲೆಯಾಡಿಸಿದರು. ಒಪ್ಪಿದರೋ, ಉತ್ತರ ಸಿಕ್ಕಿತೆಂದೋ, ಗೊತ್ತಾಗಲಿಲ್ಲ. “ಅದನ್ನು ನೀವು ಬರೆದುಕೊಡುತ್ತೀರಾ?” ಎಂದರು ಖಬೀರ್. ಬರೆದುಕೊಟ್ಟೆ. ನನ್ನ ಬುದ್ಧಿಯ ಬಗ್ಗೆ ನಾನು ಸಹಿ ಹಾಕಿದ ಅತ್ಯಂತ ಕಡಿಮೆ ಅಂದಾಜು ಅದು.

ಖಬೀರ್ ಇನ್ನೊಂದು ಕಂತೆ ಕೊಟ್ಟರು, ಈ ಸಲ ಹದಿನೈದು ಹಾಳೆ. ಬಾಯಿ ಅದರ ಅಂಚಿನ ಮೇಲೆ ಹೆಬ್ಬೆರಳಿಟ್ಟು ಒಂದು ಕ್ಷಣ ತಡೆದರು. ಉಗುರು ಎಲ್ಲಿ ಬೀಳುತ್ತದೆ ಎಂದು ನೋಡಲು ನಾನು ಅರಿವಿಲ್ಲದೆಯೇ ಬಾಗಿದೆ. ಅವರು ತಲೆ ಎತ್ತಲಿಲ್ಲ.

“ಬೆಳಕು ಬಿಡಿ ಮಾರಾಯ್ರೆ.”

ನಾನು ಸರಿದೆ. ಯಾವ ಕಾಲನ್ನು ಮೊದಲು ಹಿಂದಿಡಬೇಕು, ಎಷ್ಟು ಸರಿದರೆ ದೀಪಕ್ಕೆ ಅಡ್ಡವಾಗುವುದಿಲ್ಲ, ಎಲ್ಲ ಗೊತ್ತಿದ್ದವನ ಹಾಗೆ. ಇದನ್ನು ನಾನು ಸಾಕ್ಷ್ಯವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಹೇಳಿದ ಕಥೆ ಕೇಳಿ ಆಗಲೇ ಮೂರು ವಾರವಾಗಿತ್ತು. ಕೇಳಿದ ಕಥೆಯಿಂದ ಕಾಲು ಕೂಡ ನೆನಪು ಹುಟ್ಟಿಸಿಕೊಳ್ಳಬಲ್ಲದು. ಏನಂದರು ಎಂದು ಖಬೀರ್ ಕೇಳಿದರು. ಅನುವಾದಿಸಿದೆ. ಅವರು ಬರೆದುಕೊಂಡರು.

ವರದಿ ಬಂದದ್ದು ಇನ್ನೊಂದು ತಿಂಗಳಿಗೆ. ದಪ್ಪ ಅಳೆದು ಗೆರೆ ಸರಿಸುವ ಉಪಾಯ ಈ ಕಸುಬಿನ ಕೈಗಳಿಗೆ ಮೊದಲೇ ಗೊತ್ತಿತ್ತು, ಅಳೆಯುವ ಗಾಲಿ ಯಂತ್ರದಲ್ಲಿ ಮೊದಲೇ ಇತ್ತು, ಎರಡನ್ನೂ ಜೋಡಿಸುವುದರಲ್ಲಿ ಆವಿಷ್ಕಾರವಿಲ್ಲ ಎಂದು ಖಬೀರ್ ಬರೆದಿದ್ದರು. ಯಂತ್ರವನ್ನು ನಿಲ್ಲಿಸದೆ, ಓಡುವ ವೇಗದಲ್ಲೇ ಗೆರೆ ಸರಿಸುವ ಎದುರು ಪಕ್ಷದವರ ವ್ಯವಸ್ಥೆ ಮಾತ್ರ ನಿಜವಾಗಿ ಹೊಸದು, ಆ ಹಕ್ಕು ಉಳಿಯಬೇಕು ಎಂದಿದ್ದರು. ನಮ್ಮದು ನಿಂತು ನಿಂತು ಹೋಗುವ ಬಡ ತಿರುಪು, ಆ ಹಕ್ಕಿನೊಳಗೆ ಬರುವುದಿಲ್ಲ. ನ್ಯಾಯ ಎಂದೇ ನನಗೆ ಅನಿಸಿತು. ಎದುರಿನವರು ಆಕ್ಷೇಪಣೆ ಹಾಕಿದ್ದಾರೆ, ಅಂತಿಮ ತೀರ್ಪು ಬಂದಿಲ್ಲ. ಯಂತ್ರಗಳು ಓಡುತ್ತಿವೆ. ಮ್ಯಾನೇಜರ್ ಮತ್ತೆ ನನ್ನ ಜೊತೆ ಊಟಕ್ಕೆ ಕೂರುತ್ತಾರೆ. “ಸಾಮಾನ್ಯ ಮನುಷ್ಯನಿಗೆ ಸ್ವಲ್ಪ ಮೀನು ಹಾಕಿ,” ಎಂದು ಹೋಟೆಲಿನವನಿಗೆ ಹೇಳುತ್ತಾರೆ.

ವರದಿಯ ಕೊನೆಯಲ್ಲಿ ಅಂದಿನ ಭೇಟಿಯ ಟಿಪ್ಪಣಿ ಇದೆ. ವಕೀಲೆ ಅದರ ಒಂದು ಭಾಗವನ್ನು ಅರಬಿಯಿಂದ ಓದಿ ಅರ್ಥ ಹೇಳಿದರು: ‘ಮಹಿಳೆ ಮಡಚುತ್ತಿದ್ದಾಗ ಇಂಜಿನಿಯರ್ ಹತ್ತಿರ ಬಾಗಿದರು. ಬೆಳಕು ಬಿಡುವಂತೆ ಮಹಿಳೆ ಹೇಳಿದರು. ಅವರು ಬಿಟ್ಟರು.’ ಒಂದು ಪ್ರತಿ ಕೇಳಿ ತೆಗೆದುಕೊಂಡೆ. ಲಿಪಿ ನನಗೆ ಓದಲು ಬರುವುದಿಲ್ಲ. ಆದರೂ ಇಡೀ ಪ್ರಕರಣದಲ್ಲಿ ನನ್ನ ಬಗ್ಗೆ ಇರುವ ಮಾತುಗಳಲ್ಲಿ ನಾನು ಅನುಮಾನಪಡದೆ ಇರುವುದು ಆ ಮೂರು ವಾಕ್ಯಗಳನ್ನು ಮಾತ್ರ. ಅವನ್ನು ಬರೆದವನು ನಾನಲ್ಲ.